ಹೆಚ್ಚು ಮಂದಿ ನೋಡದ ಕ್ರೈಮ್ ಸಿನಿಮಾಗಳು: ನಟನೆಗಾಗಿಯೇ ನೋಡಬೇಕಾದವು ಯಾವುವು?

ನೆರಳುಬೆಳಕು:

ಕ್ರೈಮ್ ಸಿನಿಮಾ ಎಂದ ಕೂಡಲೇ ಎಲ್ಲ ಪಟ್ಟಿಗಳಲ್ಲೂ ಅದೇ ಹತ್ತು ಹದಿನೈದು ಹೆಸರುಗಳು. ಮಾಫಿಯಾ ಕುಟುಂಬ, ಸರಣಿ ಕೊಲೆಗಾರ, ಕೊನೆಯ ಐದು ನಿಮಿಷದಲ್ಲಿ ಕಥೆಯನ್ನೇ ಬುಡಮೇಲು ಮಾಡುವ ತಿರುವು. ಅವೆಲ್ಲ ನೋಡಿ ಆಗಿದೆ. ಈಗ ಬೇಕಿರುವುದು ಅಷ್ಟಾಗಿ ಮಾತಿಗೆ ಬಾರದ, ಆದರೆ ನಟನೆಯ ಬಲದಲ್ಲೇ ನಿಂತಿರುವ ಚಿತ್ರಗಳು. ಅಪರಾಧದ ಕಥೆಯೇ ಆಗಬೇಕೆಂದಿಲ್ಲ, ಮಾಮೂಲಿ ಅಚ್ಚಿಗೆ ಕೂರದ ಡ್ರಾಮಾ ಆದರೂ ಸರಿ. ಯಾವ ಭಾಷೆಯಾದರೂ, ಯಾವ ಕಾಲದ್ದಾದರೂ ಆಗಬಹುದು.

ಬರೀ ಹೆಸರು ಬರೆದು ಹೋಗಬೇಡಿ ಎಂದು ಕೋರಿಕೆ. ಯಾರ ನಟನೆ, ಯಾವ ದೃಶ್ಯ, ಅಲ್ಲಿ ಅವರು ಮಾಡುವುದೇನು. ನೋಡುವವರು ಸಾಮಾನ್ಯವಾಗಿ ಎಲ್ಲಿ ಬೇಸತ್ತು ನಿಲ್ಲಿಸುತ್ತಾರೆ. ಯಾವುದರಿಂದ ಶುರು ಮಾಡಿದರೆ ಒಳ್ಳೆಯದು. ಕೂಗಾಟ, ಅಳುವೇ ಅಭಿನಯ ಎಂದುಕೊಂಡ ಚಿತ್ರಗಳು ಬೇಡ. ಕೊನೆಗೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ಹೇಳಬೇಡಿ.

ರೀಲುಗಂಟು:

1970ರ ದಶಕದ ಅಮೆರಿಕನ್ ಚಿತ್ರಗಳಿಂದ ಶುರು ಮಾಡಿ. ಆ ಕಾಲದ ನಾಲ್ಕೈದು ದೊಡ್ಡ ಚಿತ್ರಗಳ ನೆರಳಲ್ಲಿ ಮರೆಯಾದವು ಬಹಳ ಇವೆ.

ನನ್ನ ಮೊದಲ ಆಯ್ಕೆ ‘ದಿ ಫ್ರೆಂಡ್ಸ್ ಆಫ್ ಎಡ್ಡಿ ಕೋಯ್ಲ್’ (1973). ಪೀಟರ್ ಯೇಟ್ಸ್ ನಿರ್ದೇಶನ, ಎಡ್ಡಿಯಾಗಿ ರಾಬರ್ಟ್ ಮಿಚಮ್. ಬಾಸ್ಟನ್ನಿನ ಅಪರಾಧ ಲೋಕದಲ್ಲಿ ಕಟ್ಟಕಡೆಯ ಮೆಟ್ಟಿಲಲ್ಲಿರುವ, ವಯಸ್ಸಾಗುತ್ತಿರುವ ಮನುಷ್ಯ ಎಡ್ಡಿ. ಬ್ಯಾಂಕ್ ದರೋಡೆಕೋರರಿಗೆ ಬಂದೂಕು ಕೊಂಡು ತಂದುಕೊಡುವುದು ಅವನ ಕೆಲಸ. ಬೇರೊಂದು ರಾಜ್ಯದಲ್ಲಿ ಕದ್ದ ಮಾಲಿನ ಲಾರಿ ಓಡಿಸಿ ಸಿಕ್ಕಿಬಿದ್ದಿದ್ದಾನೆ, ಶಿಕ್ಷೆ ಪ್ರಕಟವಾಗುವ ದಿನ ಹತ್ತಿರವಾಗುತ್ತಿದೆ. ಜೈಲು ತಪ್ಪಿಸಿಕೊಳ್ಳಬೇಕಾದರೆ ಯಾರನ್ನಾದರೂ ಪೊಲೀಸರಿಗೆ ಹಿಡಿದುಕೊಡಬೇಕು. ಕಥೆ ಇಷ್ಟೇ.

ಶುರುವಿನಲ್ಲೇ ಒಂದು ದೃಶ್ಯವಿದೆ. ಬಂದೂಕು ಮಾರುವ ಹುಡುಗನ ಎದುರು ಕೂತು ಎಡ್ಡಿ ತನ್ನ ಕೈಬೆರಳಿನ ಗೆಣ್ಣುಗಳ ಕಥೆ ಹೇಳುತ್ತಾನೆ. ಹಿಂದೊಮ್ಮೆ ಅವನು ತಂದುಕೊಟ್ಟ ಬಂದೂಕುಗಳ ಜಾಡು ಹಿಡಿದು ಪೊಲೀಸರು ಒಬ್ಬನನ್ನು ಒಳಗೆ ಹಾಕಿದ್ದರು. ಅದಕ್ಕೆ ದಂಡವಾಗಿ ಇವನ ಕೈಯನ್ನು ಡ್ರಾಯರಿನಲ್ಲಿಟ್ಟು ಒದ್ದು ಮುಚ್ಚಿದ್ದರು. ಇದನ್ನು ಬೆದರಿಕೆಯ ಹಾಗೆ ಹೇಳಬಹುದಿತ್ತು, ಸಿಂಪತಿ ಗಿಟ್ಟಿಸುವ ಹಾಗೂ ಹೇಳಬಹುದಿತ್ತು. ಮಿಚಮ್ ಎರಡನ್ನೂ ಮಾಡುವುದಿಲ್ಲ. ಹಳೆಯ ನೌಕರನೊಬ್ಬ ಹೊಸಬನಿಗೆ ಕಚೇರಿಯ ನಿಯಮ ವಿವರಿಸಿದ ಹಾಗೆ ಹೇಳುತ್ತಾನೆ. ಹೊಡೆದವರ ಮೇಲೆ ಅವನಿಗೆ ಸಿಟ್ಟೂ ಇಲ್ಲ. ಆ ವ್ಯವಹಾರದಲ್ಲಿ ತಪ್ಪಿಗೆ ಬೆಲೆ ಅದೇ ಎಂದು ಅವನು ಒಪ್ಪಿಕೊಂಡಿರುವುದು ದನಿಯಲ್ಲಿ ಕೇಳಿಸುತ್ತದೆ.

ಹೆಚ್ಚಿನವರು ಇದನ್ನು ಅರ್ಧಕ್ಕೆ ಬಿಡುವುದಕ್ಕೆ ಕಾರಣ ಒಂದೇ. ಹೆಸರು ನೋಡಿ ಎಡ್ಡಿ ಎಲ್ಲ ದೃಶ್ಯದಲ್ಲೂ ಇರುತ್ತಾನೆ ಎಂದುಕೊಳ್ಳುತ್ತಾರೆ. ಆದರೆ ಚಿತ್ರ ಆಗಾಗ ಅವನನ್ನು ಬಿಟ್ಟು ಹೋಗುತ್ತದೆ: ದರೋಡೆಕೋರರ ಬಳಿಗೆ, ಬಂದೂಕಿನ ಹುಡುಗನ ಬಳಿಗೆ, ಫೆಡರಲ್ ಏಜೆಂಟ್ ಫೋಲಿಯ ಬಳಿಗೆ, ಬಾರ್ ನಡೆಸುವ ಡಿಲನ್ ಬಳಿಗೆ. ಡಿಲನ್ ಪಾತ್ರದ ಪೀಟರ್ ಬಾಯ್ಲ್ ಮೇಲೆ ಮೊದಲಿನಿಂದಲೂ ಒಂದು ಕಣ್ಣಿಡಿ. ಯಾರು ಯಾರಿಗೆ ಯಾವ ಮಾಹಿತಿ ಕೊಟ್ಟರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

ಎರಡನೆಯದು ‘ಸ್ಟ್ರೇಟ್ ಟೈಮ್’ (1978). ಡಸ್ಟಿನ್ ಹಾಫ್‌ಮನ್ ತಾನೇ ನಿರ್ದೇಶಿಸಲು ಹೊರಟು, ಬಳಿಕ ಉಲು ಗ್ರಾಸ್‌ಬಾರ್ಡ್ ಕೈಗೆ ಒಪ್ಪಿಸಿದ ಚಿತ್ರ. ಮೂಲ ಕಾದಂಬರಿ ಎಡ್ವರ್ಡ್ ಬಂಕರ್ ಅವರದು. ಅದು 1973ರಲ್ಲಿ ಪ್ರಕಟವಾದಾಗ ಬಂಕರ್ ಜೈಲಿನಲ್ಲೇ ಇದ್ದರು. ಪೆರೋಲಿನ ಮೇಲೆ ಹೊರಬಂದ ಕಳ್ಳ ಮ್ಯಾಕ್ಸ್ ಆಗಿ ಹಾಫ್‌ಮನ್ ಅಭಿನಯಿಸಿದ್ದಾರೆ, ಆದರೆ ಅವರಷ್ಟೇ ಗಮನ ಕೊಡಬೇಕಾದದ್ದು ಪೆರೋಲ್ ಅಧಿಕಾರಿಯಾಗಿರುವ ಎಂ. ಎಮೆಟ್ ವಾಲ್ಶ್‌ಗೆ. ಅವರು ದನಿ ಏರಿಸುವುದು ಬಹಳ ಕಡಿಮೆ. ನಗುನಗುತ್ತಲೇ ಎದುರಿಗಿರುವವನನ್ನು ಮಂಡಿಯೂರಿಸುತ್ತಾರೆ. ಮೊದಲ ಅರ್ಧ ಗಂಟೆ ‘ಏನೂ ನಡೆಯುತ್ತಿಲ್ಲ’ ಅನ್ನಿಸಬಹುದು. ನಿಜಕ್ಕೂ ಅಲ್ಲಿ ನಡೆಯುತ್ತಿರುವುದು ಆ ಮಂಡಿಯೂರಿಸುವಿಕೆಯೇ. ಅದನ್ನು ಓಡಿಸಿಬಿಟ್ಟರೆ ಮ್ಯಾಕ್ಸ್ ಮುಂದೆ ಯಾಕೆ ಹಾಗೆ ಸಿಡಿಯುತ್ತಾನೆ ಎಂಬುದು ತಿಳಿಯುವುದಿಲ್ಲ.

ಹ್ಯಾರಿ ಡೀನ್ ಸ್ಟಾಂಟನ್ ಅವರ ಒಂದು ದೃಶ್ಯಕ್ಕಾಗಿಯಾದರೂ ಇದನ್ನು ನೋಡಿ. ಅವರ ಪಾತ್ರ ಜೆರಿ ಹಳೆಯ ಕೈದಿ, ಈಗ ಸಂಸಾರಸ್ಥ. ಮನೆಯ ಹಿಂದೆ ಈಜುಕೊಳ, ಪಕ್ಕದಲ್ಲಿ ಹೆಂಡತಿ. ಅವಳು ಒಳಗೆ ಹೋದ ಕೂಡಲೇ ದನಿ ತಗ್ಗಿಸಿ, ತನ್ನನ್ನು ಇಲ್ಲಿಂದ ಬಿಡಿಸು ಎಂದು ಮ್ಯಾಕ್ಸ್‌ಗೆ ಹೇಳುತ್ತಾನೆ. ಮುಖದಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿಯೇ ಎದೆಗೆ ನಾಟುತ್ತದೆ. ಮುಂದೆ ಆಭರಣದಂಗಡಿಯ ದರೋಡೆಯಲ್ಲಿ ಹೊತ್ತು ನೋಡಿಕೊಳ್ಳುವವನೂ ಇವನೇ. ಹೊರಡೋಣ ಎಂದು ಇವನು ಒತ್ತಾಯಿಸುವುದು, ಮ್ಯಾಕ್ಸ್ ಕಿವಿಗೆ ಹಾಕಿಕೊಳ್ಳದೆ ಇನ್ನೊಂದು ಗಾಜು ಒಡೆಯುವುದು. ಇಬ್ಬರ ಸ್ವಭಾವವೂ ಅಲ್ಲೇ ಪೂರ್ತಿ ಬಯಲಾಗುತ್ತದೆ.

ಮೂರನೆಯದು ‘ವಾಂಡಾ’ (1970). ಬಾರ್ಬರಾ ಲೋಡೆನ್ ಬರೆದು, ನಿರ್ದೇಶಿಸಿ, ತಾವೇ ನಟಿಸಿದ್ದು. ಅವರು ನಿರ್ದೇಶಿಸಿದ ಪೂರ್ಣಾವಧಿ ಚಿತ್ರ ಇದೊಂದೇ. 16 ಎಂಎಂನಲ್ಲಿ ಚಿತ್ರಿಸಿ 35 ಎಂಎಂಗೆ ಹಿಗ್ಗಿಸಿದ್ದರಿಂದ ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ. ಅದು ಪ್ರಿಂಟಿನ ದೋಷವಲ್ಲ, ಟಿವಿಯ ‘ನಾಯ್ಸ್ ರಿಡಕ್ಷನ್’ ಹಾಕಿ ಅದನ್ನು ಅಳಿಸಬೇಡಿ. ಮುಖಗಳು ಮೇಣ ಬಳಿದಂತಾಗಿ, ಲೋಡೆನ್ ಕಣ್ಣಿನ ಸುತ್ತ ಆಡುವ ಸಣ್ಣ ಚಲನೆಯೇ ಮಾಯವಾಗುತ್ತದೆ. ಇಡೀ ಪಾತ್ರ ನಿಂತಿರುವುದೇ ಅಲ್ಲಿ.

ಕೊನೆಸಾಲು:

ರೀಲುಗಂಟು ಅವರ ಆಯ್ಕೆಗಳ ಬಗ್ಗೆ ತಕರಾರಿಲ್ಲ, ಕ್ರಮದ ಬಗ್ಗೆ ಇದೆ. ಈ ಬಗೆಯ ಚಿತ್ರಕ್ಕೆ ಹೊಸಬರಾದವರು ‘ಎಡ್ಡಿ ಕೋಯ್ಲ್’ನಿಂದ ಶುರು ಮಾಡಿದರೆ ಮುಕ್ಕಾಲು ಪಾಲು ಮಂದಿ ಎರಡನೆಯದಕ್ಕೆ ಬರುವುದೇ ಇಲ್ಲ. ‘ವಾಂಡಾ’ವನ್ನಂತೂ ಕೊನೆಗಿಡಿ.

‘ಒನ್ ಫಾಲ್ಸ್ ಮೂವ್’ (1992) ಮೊದಲು ನೋಡಿ. ಕಾರ್ಲ್ ಫ್ರಾಂಕ್ಲಿನ್ ನಿರ್ದೇಶನ. ಬರೆದವರು ಬಿಲ್ಲಿ ಬಾಬ್ ಥಾರ್ನ್‌ಟನ್ ಮತ್ತು ಟಾಮ್ ಎಪರ್ಸನ್. ಲಾಸ್ ಏಂಜಲೀಸ್‌ನಲ್ಲಿ ಕೊಲೆ ಮಾಡಿದ ಮೂವರು ಆರ್ಕನ್ಸಾದ ಸ್ಟಾರ್ ಸಿಟಿ ಎಂಬ ಸಣ್ಣ ಊರಿನತ್ತ ಕಾರಿನಲ್ಲಿ ಬರುತ್ತಿದ್ದಾರೆ. ಅವರಿಗಾಗಿ ಅಲ್ಲಿ ಕಾಯುತ್ತಿರುವುದು ಮಹಾನಗರದ ಇಬ್ಬರು ಪತ್ತೇದಾರರು ಮತ್ತು ಊರಿನ ಪೊಲೀಸ್ ಮುಖ್ಯಸ್ಥ. ಆ ಮುಖ್ಯಸ್ಥನಾಗಿ ಬಿಲ್ ಪ್ಯಾಕ್ಸ್‌ಟನ್. ಎಚ್ಚರಿಕೆ: ಮೊದಲ ಹತ್ತು ನಿಮಿಷದ ಹಿಂಸೆ ತೀರಾ ಒರಟು. ಅಲ್ಲಿಂದಾಚೆ ಚಿತ್ರ ಬೇರೆಯದೇ ದಾರಿ ಹಿಡಿಯುತ್ತದೆ.

ಪ್ಯಾಕ್ಸ್‌ಟನ್ ಪಾತ್ರಕ್ಕೆ ಪತ್ತೇದಾರರನ್ನು ಕಂಡರೆ ಎಲ್ಲಿಲ್ಲದ ಸಂಭ್ರಮ. ಅವರ ಹಾಗೆಯೇ ದೊಡ್ಡ ಊರಿನ ಪೊಲೀಸ್ ಆಗಬೇಕೆಂಬ ಆಸೆ. ಹೋಟೆಲಿನಲ್ಲಿ ಅವರಿಬ್ಬರೂ ತನ್ನ ಬಗ್ಗೆ ನಗಾಡುತ್ತಿರುವುದು ಅವನ ಕಿವಿಗೆ ಬೀಳುವ ಗಳಿಗೆಯನ್ನು ನೋಡಿ. ಅಲ್ಲಿಯವರೆಗೆ ಇಡೀ ಮೈಯಲ್ಲಿ ಪುಟಿಯುತ್ತಿದ್ದ ಹುರುಪು ಒಂದೇ ಏಟಿಗೆ ಇಳಿದುಹೋಗುತ್ತದೆ. ಆ ಮೇಲೆ ಅವನು ಅದೇ ಮಾತು, ಅದೇ ನಗು ಮುಂದುವರಿಸುತ್ತಾನೆ, ಆದರೆ ನಮಗೆ ಅವು ಬೇರೆಯಾಗಿ ಕೇಳಿಸುತ್ತವೆ. ಕಾರಿನಲ್ಲಿ ಬರುವ ಆ ಮೂವರಲ್ಲೊಬ್ಬಳಾಗಿರುವ ಸಿಂಡಾ ವಿಲಿಯಮ್ಸ್ ಬಗ್ಗೆ ಹೆಚ್ಚು ಹೇಳಿದರೆ ಕಥೆ ಬಿಟ್ಟುಕೊಟ್ಟಂತಾಗುತ್ತದೆ, ಇಷ್ಟು ಸಾಕು: ಎಲ್ಲರೂ ಪ್ಯಾಕ್ಸ್‌ಟನ್‌ರನ್ನು ಹೊಗಳುತ್ತಾರೆ, ಚಿತ್ರದ ಭಾರ ಹೊತ್ತಿರುವುದು ಆಕೆ. ಥಿಯೇಟರಿಗೆ ಬಾರದೆ ನೇರ ವಿಡಿಯೊಗೆ ಹೋಗಬೇಕಿದ್ದ ಚಿತ್ರವಿದು. ವಿಮರ್ಶಕ ಜೀನ್ ಸಿಸ್ಕೆಲ್ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆರಿಸಿದ್ದು ಇದನ್ನೇ.

ಇದಾದ ಬಳಿಕ ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಹೈ ಅಂಡ್ ಲೋ’ (1963). ಅವರ ಸಮುರಾಯ್ ಚಿತ್ರಗಳನ್ನು ನೋಡಿದವರು ಸಾವಿರಾರು ಮಂದಿ, ಇದಕ್ಕೆ ಬರುವವರು ಕಡಿಮೆ. ಶೂ ಕಂಪನಿಯ ಅಧಿಕಾರಿ ಗೊಂಡೊನ ಮಗನೆಂದುಕೊಂಡು ಅಪಹರಣಕಾರ ಅವನ ಕಾರು ಚಾಲಕನ ಮಗನನ್ನು ಹೊತ್ತೊಯ್ಯುತ್ತಾನೆ. ಬೇಡಿಕೆ 3 ಕೋಟಿ ಯೆನ್. ಹಣ ಕೊಟ್ಟರೆ ಗೊಂಡೊ ಬೀದಿಗೆ ಬೀಳುತ್ತಾನೆ. ಸುಮಾರು ಮೊದಲ 55 ನಿಮಿಷ ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುತ್ತದೆ, ನಿಲ್ಲಿಸುವವರು ಅಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಗೊಂಡೊ ಪಾತ್ರದ ತೊಶಿರೊ ಮಿಫುನೆ ಅಲ್ಲಿ ಎಷ್ಟು ಹೊತ್ತು ಬೆನ್ನು ತಿರುಗಿಸಿ ನಿಂತಿರುತ್ತಾನೆ, ಯಾವಾಗ ತಿರುಗುತ್ತಾನೆ ಎಂಬುದನ್ನು ಗಮನಿಸುತ್ತಾ ಹೋದರೆ ಆ ಕೋಣೆ ಸಾಕಾಗುವುದೇ ಇಲ್ಲ. ಚಾಲಕನಾಗಿರುವ ಯುತಾಕಾ ಸಾದಾ ಬಹಳಷ್ಟು ಸಲ ಚೌಕಟ್ಟಿನ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಾರೆ.

ಆದ್ದರಿಂದ ಒಂದು ಕಡ್ಡಾಯ ಸೂಚನೆ. ಈ ಚಿತ್ರದ ಚೌಕಟ್ಟು 2.35:1, ಅಂದರೆ ಎತ್ತರದ 2.35 ಪಟ್ಟು ಅಗಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆಂದು 16:9 ಟಿವಿಯಲ್ಲಿ ಝೂಮ್ ಮಾಡಿದರೆ ಅಗಲದ ಸುಮಾರು ಕಾಲುಭಾಗ ಕತ್ತರಿಸಿಹೋಗುತ್ತದೆ. ಅಂದರೆ ಆ ಚಾಲಕನೇ ಕಾಣೆಯಾಗುತ್ತಾನೆ.

ಅರ್ಧವಿರಾಮ:

ಕೊನೆಸಾಲು ಚೌಕಟ್ಟಿನ ವಿಷಯ ತೆಗೆದದ್ದು ಒಳ್ಳೆಯದಾಯಿತು. ಹಳೆಯ, ಬೇರೆ ಭಾಷೆಯ ಚಿತ್ರಗಳಲ್ಲಿ ನಟನೆ ಕೆಡುವುದು ಹೆಚ್ಚಾಗಿ ಸಬ್‌ಟೈಟಲಿನಿಂದ. ಮಾತು ಮುಗಿದ ಮೇಲೆ ಸಾಲು ಬಂದರೆ ಪಾತ್ರದ ಮೌನ ಹಾಳು, ಮೊದಲೇ ಬಂದರೆ ಮಾತೇ ಹಾಳು. ಎರಡು ಬಗೆಯ ತಪ್ಪು ಇರುತ್ತವೆ, ಪರಿಹಾರ ಬೇರೆ ಬೇರೆ.

ಶುರುವಿನಿಂದ ಕೊನೆಯವರೆಗೂ ಒಂದೇ ಅಂತರದಲ್ಲಿ ಹಿಂದೆ ಮುಂದೆ ಇದ್ದರೆ ಅದು ಸುಲಭದ್ದು. ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಮತ್ತು ಹೆಚ್ ಕೀಗಳನ್ನು ಒತ್ತಿದರೆ ಪ್ರತಿ ಸಲ 50 ಮಿಲಿಸೆಕೆಂಡಿನಷ್ಟು ಸರಿಯುತ್ತದೆ. ತುಟಿ ಸ್ಪಷ್ಟವಾಗಿ ಕಾಣುವ ಒಂದು ಸಣ್ಣ ಮಾತನ್ನು ಹಿಡಿದು ಹೊಂದಿಸಿ.

ಶುರುವಿನಲ್ಲಿ ಸರಿಯಿದ್ದು, ಹೋಗ್ತಾ ಹೋಗ್ತಾ ಸಬ್‌ಟೈಟಲ್ ಹಿಂದೆ ಬೀಳುತ್ತಿದ್ದರೆ ಎಷ್ಟು ಸರಿಸಿದರೂ ಪ್ರಯೋಜನವಿಲ್ಲ. ಕಾರಣ ವೇಗದ ವ್ಯತ್ಯಾಸ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಪಾಲ್ (ಯುರೋಪ್, ಭಾರತದ ಹಳೆಯ ಟಿವಿ ಪದ್ಧತಿ) ಡಿವಿಡಿಗಳಲ್ಲಿ 25ರ ವೇಗಕ್ಕೆ ಓಡಿಸಿರುತ್ತಾರೆ. 24ಕ್ಕೆ ಮಾಡಿದ ಸಬ್‌ಟೈಟಲನ್ನು ಅದಕ್ಕೆ ಹಾಕಿದರೆ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ಹಿಂದೆ ಬೀಳುತ್ತದೆ, ಹತ್ತು ನಿಮಿಷಕ್ಕೆ 25 ಸೆಕೆಂಡ್. ಪತ್ತೆ ಹಚ್ಚಲು ಒಟ್ಟು ಅವಧಿ ನೋಡಿದರೆ ಸಾಕು: 143 ನಿಮಿಷದ ‘ಹೈ ಅಂಡ್ ಲೋ’ ನಿಮ್ಮಲ್ಲಿ 137 ತೋರಿಸುತ್ತಿದ್ದರೆ ಅದು 25ರ ಪ್ರತಿ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸುವ ಆಯ್ಕೆಯಿದೆ. 23.976ರಿಂದ (ವಿಡಿಯೊ ಫೈಲುಗಳಲ್ಲಿ 24 ಎಂದರೆ ಸಾಮಾನ್ಯವಾಗಿ ಇದೇ) 25ಕ್ಕೆ ಬದಲಿಸಿ ಉಳಿಸಿಕೊಂಡು, ಆ ನಂತರ ಉಳಿದ ಸಣ್ಣ ಅಂತರವನ್ನು ಜಿ, ಹೆಚ್ ಕೀಗಳಿಂದ ತೆಗೆಯಿರಿ. ಕ್ರಮ ತಿರುವುಮುರುವು ಮಾಡಬೇಡಿ. ಆದರೂ 24ರ ಪ್ರತಿ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ: 25ರ ಪ್ರತಿಯಲ್ಲಿ ಧ್ವನಿಯನ್ನು ತಿದ್ದಿರದಿದ್ದರೆ ನಟರ ಕಂಠವೂ ಸ್ವಲ್ಪ ತೆಳುವಾಗುತ್ತದೆ.

ಇನ್ನೊಂದು. ಡಬ್ಬಿಂಗಿಗಾಗಿ ಬರೆದ ಮಾತುಗಳನ್ನೇ ಸಬ್‌ಟೈಟಲಾಗಿ ಹಾಕಿದ ಪ್ರತಿಗಳಿವೆ. ಯಾರೂ ಬಾಯಿ ಬಿಡದ ಕಡೆ ಸಾಲುಗಳು ಕಾಣಿಸಿಕೊಂಡರೆ ಅದೇ ಎಂದು ತಿಳಿಯಿರಿ, ಬೇರೆ ಪ್ರತಿ ಹುಡುಕಿ.

ಮೂರನೇಬೆಲ್:

ನಮ್ಮ ಪಕ್ಕದ ಮಲಯಾಳಂ ಚಿತ್ರವನ್ನು ಯಾರೂ ತೆಗೆಯದೆ ಇದ್ದದ್ದು ಸರಿಯಲ್ಲ. ಕೆ.ಜಿ. ಜಾರ್ಜ್ ಅವರ ‘ಯವನಿಕ’ (1982). ಊರೂರು ಸುತ್ತುವ ನಾಟಕ ಕಂಪನಿಯೊಂದರ ತಬಲಾ ವಾದಕ ಅಯ್ಯಪ್ಪನ್ ಕಾಣೆಯಾಗುತ್ತಾನೆ. ತನಿಖೆಗೆ ಬರುವ ಪೊಲೀಸ್ ಅಧಿಕಾರಿ ಮಮ್ಮೂಟಿ. ಕಾಣೆಯಾದವನ ಪಾತ್ರದಲ್ಲಿ ಭರತ್ ಗೋಪಿ. ಒಬ್ಬೊಬ್ಬರೂ ಹೇಳುವ ಮಾತಿನಿಂದ ಅವನ ಒಂದೊಂದು ಮುಖ ಹೊರಬರುತ್ತದೆ. ಗೋಪಿ ಮಾಡಿರುವ ಕಷ್ಟದ ಕೆಲಸವೆಂದರೆ, ಅವನನ್ನು ನೋಡಿದರೆ ಹೇಸಿಗೆ ಹುಟ್ಟಬೇಕು, ತಬಲಾ ಮುಂದೆ ಕೂತಾಗ ಮಾತ್ರ ಈ ಮನುಷ್ಯನನ್ನು ಕಂಪನಿಯವರು ಇಷ್ಟು ದಿನ ಯಾಕೆ ಸಹಿಸಿಕೊಂಡರು ಎಂಬುದು ಅರ್ಥವಾಗಬೇಕು. ಜಲಜಾ, ತಿಲಕನ್, ನೆಡುಮುಡಿ ವೇಣು ಎಲ್ಲರೂ ಇದ್ದಾರೆ. ವಿಚಾರಣೆಯ ದೃಶ್ಯಗಳಲ್ಲಿ ಒಂದು ವಿಷಯ ಗಮನಿಸಿ: ಇವರೆಲ್ಲ ರಂಗದ ಮೇಲೆ ನಟಿಸುವವರು, ಪೊಲೀಸರ ಮುಂದೆ ಸುಳ್ಳು ಹೇಳುವಾಗ ಅವರ ನಟನೆ ರಂಗದ ಮೇಲಿನದಕ್ಕಿಂತ ತುಂಬ ಸಣ್ಣದಾಗುತ್ತದೆ. ಎರಡು ಅಳತೆಯ ಅಭಿನಯ ಒಂದೇ ಚಿತ್ರದಲ್ಲಿ ಸಿಗುತ್ತದೆ.

ದಿಲೀಶ್ ಪೋತನ್ ಅವರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ (2017) ಕೂಡ ಸೇರಿಸಿಕೊಳ್ಳಿ. ಬಸ್ಸಿನಲ್ಲಿ ಚಿನ್ನದ ಸರ ಕದ್ದು ನುಂಗಿದ ಕಳ್ಳ, ಸರ ಕಳೆದುಕೊಂಡ ದಂಪತಿ, ಪೊಲೀಸ್ ಠಾಣೆ. ಕಳ್ಳ ಫಹಾದ್ ಫಾಸಿಲ್. ಈ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಪೊಲೀಸರ ಪಾತ್ರಗಳಲ್ಲಿ ಹಲವರು ನಿಜವಾದ ಪೊಲೀಸರೇ, ಆದ್ದರಿಂದ ಠಾಣೆಯ ಮಾತು, ಫೈಲು, ಗದರಿಕೆ ಎಲ್ಲವೂ ದಿನನಿತ್ಯದ ಲಯದಲ್ಲಿವೆ. ಅಂಥವರ ನಡುವೆ ವೃತ್ತಿನಟನೊಬ್ಬ ಎದ್ದು ಕಾಣದೆ ಬೆರೆತುಹೋಗುವುದು ಎಷ್ಟು ಕಷ್ಟ ಎಂದು ಯೋಚಿಸಿ ನೋಡಿ. ಫಹಾದ್ ಪೆಟ್ಟು ತಿಂದ ಮೇಲೂ ಆ ಸಣ್ಣ ನಗು ಬಿಡುವುದಿಲ್ಲ, ಅದು ಧೈರ್ಯವೋ ಹಸಿವೋ ಚಾಳಿಯೋ ಎಂದು ಹೇಳಲಾಗದ ಹಾಗೆ ಇಟ್ಟುಕೊಂಡಿದ್ದಾರೆ.

ಕನ್ನಡದಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಇದೆ. ಹಾಡಿಲ್ಲ, ಹಿನ್ನೆಲೆ ಸಂಗೀತ ಇಳಯರಾಜ ಅವರದು. ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗ, ಅದರ ಬೆನ್ನು ಹತ್ತುವ ಪತ್ರಕರ್ತ. ರಾಜಕಾರಣಿಯಾಗಿ ಅನಂತ್ ನಾಗ್. ಅವರನ್ನು ಸಜ್ಜನ ಪಾತ್ರಗಳಲ್ಲಷ್ಟೇ ಕಂಡವರು ಇದನ್ನು ತಪ್ಪದೆ ನೋಡಬೇಕು.

ಅಪರಾಧಕ್ಕೂ ಡ್ರಾಮಾಕ್ಕೂ ನಡುವಿನ ಗಡಿಯಲ್ಲಿರುವ ಎರಡು. ಇರಾನಿನ ಅಸ್ಗರ್ ಫರ್ಹಾದಿ ಅವರ ‘ಅಬೌಟ್ ಎಲ್ಲಿ’ (2009): ಕ್ಯಾಸ್ಪಿಯನ್ ಸಮುದ್ರತೀರಕ್ಕೆ ರಜೆಗೆ ಹೋದ ಗೆಳೆಯರ ಗುಂಪಿನಿಂದ ಒಬ್ಬಳು ಕಾಣೆಯಾಗುತ್ತಾಳೆ. ಮೊದಲ ಭಾಗದಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಹೆಸರುಗಳು ಗೋಜಲಾಗುತ್ತವೆ. ಹೆಸರಿನ ಹಿಂದೆ ಬೀಳದೆ ಯಾರು ಯಾರ ಗಂಡ, ಯಾರು ಯಾರ ಹೆಂಡತಿ ಎಂಬುದನ್ನಷ್ಟೇ ಹಿಡಿದುಕೊಳ್ಳಿ. ಗುಲ್ಶಿಫ್ತೆ ಫರಾಹಾನಿ ಒಂದು ಸಣ್ಣ ಸುಳ್ಳನ್ನು ಮುಚ್ಚಿಕೊಂಡು ಓಡಾಡುವ ರೀತಿ ಎರಡನೇ ಸಲ ನೋಡಿದಾಗ ಪೂರ್ತಿ ತಿಳಿಯುತ್ತದೆ. ಇನ್ನೊಂದು ಟರ್ಕಿಯ ನೂರಿ ಬಿಲ್ಗೆ ಜೈಲಾನ್ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅನಟೋಲಿಯಾ’ (2011). ಎರಡೂವರೆ ಗಂಟೆಗೂ ಹೆಚ್ಚು. ಹೂತಿಟ್ಟ ಹೆಣ ಹುಡುಕುತ್ತಾ ಪೊಲೀಸರು, ಸರ್ಕಾರಿ ವಕೀಲ, ವೈದ್ಯ ಇಡೀ ರಾತ್ರಿ ಬೆಟ್ಟಗಳಲ್ಲಿ ಅಲೆಯುತ್ತಾರೆ. ಬಹುಪಾಲು ಕತ್ತಲು, ಕಾರಿನ ದೀಪದ ಬೆಳಕಷ್ಟೇ; ಆದ್ದರಿಂದ ಹಗಲು ಹೊತ್ತು ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ವಕೀಲ ವೈದ್ಯನಿಗೆ ಒಬ್ಬ ಹೆಂಗಸಿನ ಸಾವಿನ ವಿಷಯ ತುಂಡುತುಂಡಾಗಿ ಹೇಳುತ್ತಾನೆ. ಆ ತುಂಡುಗಳನ್ನು ಜೋಡಿಸಿಕೊಳ್ಳುತ್ತಾ ಹೋಗಿ. ಹೆಣಕ್ಕಿಂತ ಅದು ಮುಖ್ಯ.

ನೆರಳುಬೆಳಕು:

ಎಲ್ಲರಿಗೂ ಧನ್ಯವಾದ, ಪಟ್ಟಿ ಮಾಡಿಕೊಂಡೆ. ಒಂದು ಸಂದೇಹ: ಮಾತಿಲ್ಲದ ಕಡೆ ನಟನೆಯನ್ನು ಗುರುತಿಸುವುದು ಹೇಗೆ? ಒಳ್ಳೆಯ ಶಾಟ್, ಒಳ್ಳೆಯ ಸಂಕಲನವನ್ನೇ ಒಳ್ಳೆಯ ಅಭಿನಯ ಎಂದುಕೊಳ್ಳುವ ಸಾಧ್ಯತೆ ಇದೆಯಲ್ಲವೇ?

ರೀಲುಗಂಟು:

ಇದೆ, ಸರಿಯಾದ ಸಂದೇಹವೇ. ಸಂಕಲನದ ನೆರವಿಲ್ಲದ ಉದ್ದ ಶಾಟ್‌ಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಿ. ಮೈಕ್ ಲೀ ಅವರ ‘ಸೀಕ್ರೆಟ್ಸ್ ಅಂಡ್ ಲೈಸ್’ನಲ್ಲಿ (1996) ಬ್ರೆಂಡಾ ಬ್ಲೆಥಿನ್, ಮೇರಿಯಾನ್ ಜಾನ್-ಬ್ಯಾಪ್ಟಿಸ್ಟ್ ಖಾಲಿ ಕೆಫೆಯಲ್ಲಿ ಅಕ್ಕಪಕ್ಕ ಕೂತಿರುವ ದೃಶ್ಯ ಸುಮಾರು ಎಂಟು ನಿಮಿಷ, ಒಂದೇ ಶಾಟ್, ಕ್ಯಾಮೆರಾ ಅಲುಗುವುದಿಲ್ಲ. ಬ್ಲೆಥಿನ್‌ಗೆ ಏನೋ ನೆನಪಾಗುವ ಆ ಕ್ಷಣಕ್ಕೆ ಕಟ್ ಇಲ್ಲ, ಸಂಗೀತ ಇಲ್ಲ, ಕ್ಲೋಸಪ್ ಇಲ್ಲ. ಅಲ್ಲಿ ಕಾಣುವುದೆಲ್ಲ ಅವರದ್ದೇ.

ಇನ್ನೊಂದು ಜಾಕ್ ಬೆಕೆರ್ ಅವರ ‘ಲೆ ಟ್ರೂ’ (1960), ಪ್ಯಾರಿಸ್ಸಿನ ಜೈಲಿನಿಂದ ಐವರು ಸುರಂಗ ತೋಡುವ ಕಥೆ. 1947ರ ನಿಜವಾದ ಪ್ರಯತ್ನದಲ್ಲಿದ್ದ ಜಾನ್ ಕೆರೋಡಿ ತಾನೇ ಒಂದು ಪಾತ್ರ ಮಾಡಿದ್ದಾನೆ. ಕೋಣೆಯ ಕಾಂಕ್ರೀಟ್ ನೆಲವನ್ನು ಮಂಚದ ಕಬ್ಬಿಣದ ತುಂಡಿನಿಂದ ಒಡೆಯುವ ಉದ್ದ ಶಾಟ್ ಇದೆ. ಸರದಿಯಂತೆ ಒಬ್ಬೊಬ್ಬರು ಒಡೆಯುತ್ತಾರೆ, ನಿಜವಾಗಿಯೂ ಒಡೆಯುತ್ತಾರೆ. ಒಡೆದ ಕನ್ನಡಿಯ ಚೂರನ್ನು ಹಲ್ಲುಜ್ಜುವ ಬ್ರಶ್ಶಿಗೆ ಕಟ್ಟಿ ಬಾಗಿಲಿನ ಕಿಂಡಿಯಿಂದ ಹೊರಗೆ ನೋಡುತ್ತಾರೆ. ಕೆರೋಡಿಯ ಬೆರಳುಗಳಿಗೆ ಯಾವ ಅವಸರವೂ ಇಲ್ಲ. ಆ ಬೆರಳುಗಳನ್ನು ಉಳಿದ ನಾಲ್ವರ ಬೆರಳುಗಳ ಜೊತೆ ಹೋಲಿಸಿ.

ಕೊನೆಸಾಲು:

ಇದಕ್ಕೆ ಒಂದು ಅಭ್ಯಾಸ ಸೇರಿಸುತ್ತೇನೆ. ಮೂರು ನಾಲ್ಕು ನಿಮಿಷದ ಒಂದು ದೃಶ್ಯ ಆರಿಸಿಕೊಳ್ಳಿ. ಮೊದಲು ಮಾಮೂಲಾಗಿ ನೋಡಿ. ಎರಡನೇ ಸಲ ಧ್ವನಿ, ಸಬ್‌ಟೈಟಲ್ ಎರಡನ್ನೂ ತೆಗೆದು, ಮಾತಾಡುವವನನ್ನು ಬಿಟ್ಟು ಕೇಳಿಸಿಕೊಳ್ಳುವವನನ್ನಷ್ಟೇ ನೋಡಿ. ಮೂರನೇ ಸಲ ಪರದೆಗೆ ಬೆನ್ನು ಹಾಕಿ ಕೇಳಿ. ದುರ್ಬಲ ನಟನಾದರೆ ಎರಡನೇ ಸುತ್ತಿನಲ್ಲಿ ತನ್ನ ಸರದಿಗಾಗಿ ಕಾಯುತ್ತಿರುವುದು ಕಣ್ಣಿಗೆ ರಾಚುತ್ತದೆ: ಎದುರಿನವನ ಮಾತು ಮುಗಿಯುವ ಒಂದು ಕ್ಷಣ ಮೊದಲೇ ಉಸಿರೆಳೆದುಕೊಳ್ಳುತ್ತಾನೆ. ‘ಹೈ ಅಂಡ್ ಲೋ’ದಲ್ಲಿ ಅಪಹರಣವಾಗಿರುವುದು ತನ್ನ ಮಗನೆಂದು ತಿಳಿದ ಮೇಲೆ ಆ ಚಾಲಕ ಇರುವ ಯಾವ ದೃಶ್ಯವನ್ನಾದರೂ ಹೀಗೆ ನೋಡಿ. ಅವನು ಯಜಮಾನನನ್ನು ಹಣ ಕೇಳುವಂತಿಲ್ಲ, ಕೇಳದೆಯೂ ಇರುವಂತಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳುತ್ತಾನೆ ಎಂದು ನೋಡುತ್ತಿರಿ.